ರಿಪೋರ್ಟು ರೋಗಿಯ ಕೈಗೇಕೆ? ಆಕ್ಷೇಪಗಳಿಗೆ ಉತ್ತರ

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾದದ್ದು 2021ರ ಸೆಪ್ಟೆಂಬರ್‌ನಲ್ಲಿ. ಅದರಡಿ ‘ಆಭಾ’ ಎಂಬ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ ಮಾಡಿಸಿಕೊಂಡವರು, ಆಸ್ಪತ್ರೆಯೂ ಈ ಜಾಲಕ್ಕೆ ಸೇರಿದ್ದರೆ, ಲ್ಯಾಬ್ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿಗಳನ್ನು ಮೊಬೈಲಿನಲ್ಲೇ ನೋಡಬಹುದು. ಇದು ಬೇಡವೆನ್ನುವವರ ವಾದಗಳನ್ನು ಒಂದೊಂದಾಗಿ ನೋಡೋಣ.

‘ಓದಿದರೆ ರೋಗಿಗಳು ಗಾಬರಿಯಾಗುತ್ತಾರೆ.’ ಇದನ್ನು ಪರೀಕ್ಷಿಸಿದವರಿದ್ದಾರೆ. 2010ರಲ್ಲಿ ಅಮೆರಿಕದ ಬಾಸ್ಟನ್, ಪೆನ್ಸಿಲ್ವೇನಿಯಾ, ಸಿಯಾಟಲ್‌ಗಳಲ್ಲಿ ಆರಂಭವಾದ ಓಪನ್‌ನೋಟ್ಸ್ ಪ್ರಯೋಗದಲ್ಲಿ 105 ವೈದ್ಯರು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ತೆರೆದಿಟ್ಟರು. ವರ್ಷದ ಕೊನೆಯ ಸಮೀಕ್ಷೆಯಲ್ಲಿ ಗೊಂದಲ, ಆತಂಕ, ಬೇಸರವಾಯಿತು ಎಂದವರು ನೂರಕ್ಕೆ 8ನ್ನು ಮೀರಲಿಲ್ಲ. ಅವಧಿ ಮುಗಿದ ಮೇಲೂ ಯಾವ ವೈದ್ಯರೂ ಹಿಂದೆ ಸರಿಯಲಿಲ್ಲ.

‘ಅಮೆರಿಕದ ಮಾತು ಬಿಡಿ, ನಮ್ಮ ಹಳ್ಳಿಯವರಿಗೆ ಅರ್ಥವಾಗುವುದಿಲ್ಲ.’ ಅಕ್ಷರ ಬಾರದ ಅಜ್ಜಿಯೂ ಚೀಟಿಯ 1-0-1 ನೋಡಿ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗುತ್ತಾಳೆ. ಮೆಡಿಕಲ್ ಶಾಪಿನವರು ಒಮ್ಮೆ ಹೇಳಿಕೊಟ್ಟದ್ದೇ ಸಾಕಾಯಿತು. ಹಾಗಿದ್ದಮೇಲೆ ಎಚ್‌ಬಿಎ1ಸಿ 8.2 ಎಂಬ ಇಂಗ್ಲಿಷ್ ಸಾಲಿನ ಕೆಳಗೆ ‘ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ, 6.5 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ’ ಎಂದು ಕನ್ನಡದಲ್ಲಿ ಬರೆಯಲು ಅಡ್ಡಿಯೇನು? ಅರ್ಥವಾಗದಂತೆ ಬರೆದು, ಓದುವವರನ್ನು ದಡ್ಡರೆನ್ನುವುದು ನ್ಯಾಯವಲ್ಲ.

‘ಮಾಹಿತಿ ಸೋರಿಹೋಗುತ್ತದೆ.’ ಈ ಭಯಕ್ಕೆ ಕಾರಣವಿದೆ. ಆದರೆ 2022ರಲ್ಲಿ ದೆಹಲಿ ಏಮ್ಸ್‌ನಲ್ಲಿ ಸೈಬರ್ ದಾಳಿಗೆ ತುತ್ತಾದದ್ದು ಆಸ್ಪತ್ರೆಯ ಸರ್ವರ್. ನಾವು ನೋಡಲಿ, ಬಿಡಲಿ, ನಮ್ಮ ವಿವರ ಅಲ್ಲಿನ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ನಮಗೆ ತೋರಿಸದೆ ಇಟ್ಟ ಮಾತ್ರಕ್ಕೆ ಅದು ಭದ್ರವಾಗುವುದಿಲ್ಲ. ಆಭಾ ನಿಯಮದಂತೆ ರೋಗಿಯ ಒಪ್ಪಿಗೆಯಿಲ್ಲದೆ ದಾಖಲೆ ಹಂಚಿಕೊಳ್ಳುವಂತಿಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಕೌಂಟರಿನ ಗಡಿಬಿಡಿಯಲ್ಲಿ ಓದದೆ ಒತ್ತುವ ಒಪ್ಪಿಗೆ ಒಪ್ಪಿಗೆಯಲ್ಲ ಎಂಬ ಟೀಕೆ ಮಾತ್ರ ಸರಿ. ಅದನ್ನು ವಿವರಿಸಿ ಹೇಳುವವರು ಅಲ್ಲಿರಲೇಬೇಕು.

‘ಫೈಲು ಇದೆಯಲ್ಲ?’ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಹಳೆಯ ಇಸಿಜಿಯನ್ನು ಬಿಡಿಸಿ ನೋಡಿ. ಥರ್ಮಲ್ ಕಾಗದದ ಗೆರೆಗಳು ಮಾಸಿಹೋಗಿರುತ್ತವೆ. ಎದೆನೋವೆಂದು ಹೋದಾಗ ಹೊಸ ಡಾಕ್ಟರಿಗೆ ಹೋಲಿಸಿ ನೋಡಲು ಬೇಕಾದದ್ದು ಅದೇ.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆನ್ನುತ್ತದೆ. ರೋಗಿ ಎಷ್ಟು ಓದಿರಬೇಕೆಂಬ ಷರತ್ತು ಅಲ್ಲಿಲ್ಲ. ಮೊಬೈಲ್ ದಾಖಲೆಗೂ ಅದು ಬೇಡ. ಕೇಳಿ ಪಡೆಯಿರಿ. ಅರ್ಥವಾಗದ ಸಾಲಿಗೆ ಬೆರಳಿಟ್ಟು ಡಾಕ್ಟರನ್ನೇ ಕೇಳಿ.