ಭೂಗೋಳ ಸತ್ತಿಲ್ಲ

ಬಹುರಾಷ್ಟ್ರೀಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಮನೆಗೆ ಬಂದಿದ್ದ. ಹೊಸ ಕಾರ್ಖಾನೆಗೆ ಜಾಗ ಗೊತ್ತುಮಾಡುವ ಹೊಣೆ ಅವನದಂತೆ. "ಮೇಷ್ಟ್ರೇ, ನೀವು ಕಲಿಸಿದ ಭೂಗೋಳ ಸತ್ತುಹೋಯಿತು. ಈಗ ಜಗತ್ತೆಲ್ಲ ಒಂದೇ ಮಾರುಕಟ್ಟೆ" ಎಂದ. ಮೂವತ್ತು ವರ್ಷ ಭೂಪಟ ತೂಗುಹಾಕಿ ಪಾಠ ಹೇಳಿದವನು ಈ ಮಾತನ್ನು ಸುಮ್ಮನೆ ನುಂಗಿಕೊಳ್ಳುವುದುಂಟೇ? ಅವನಿಗೆ ಕೊಟ್ಟ ಉತ್ತರವನ್ನೇ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಈ ವಾದ ಹೊಸದೇನಲ್ಲ. ಲೋಕದ ಅಭಿರುಚಿಗಳೆಲ್ಲ ಒಂದಾಗುತ್ತಿವೆ, ಒಂದೇ ಬಗೆಯ ಸರಕನ್ನು ಎಲ್ಲೆಡೆ ಮಾರುವ ಕಂಪನಿಯೇ ಗೆಲ್ಲುತ್ತದೆ ಎಂದು ಹಾರ್ವರ್ಡಿನ ಪ್ರಾಧ್ಯಾಪಕ ಥಿಯೊಡೋರ್ ಲೆವಿಟ್ 1983ರಲ್ಲಿಯೇ ಬರೆದಿದ್ದರು. ಇದಕ್ಕೆ ಕೋಕಾ-ಕೋಲಾಕ್ಕಿಂತ ಒಳ್ಳೆಯ ಉದಾಹರಣೆ ಯಾವುದು? ನಮ್ಮ ದೇಶದಲ್ಲಿ ಅದಕ್ಕೇನಾಯಿತು, ನೋಡಿ.

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಂತೆ ಅದು ತನ್ನ ಪಾಲನ್ನು ಶೇ. 40ಕ್ಕೆ ಇಳಿಸಬೇಕಿತ್ತು. ಪಾಲನ್ನೂ ಪಾನೀಯದ ಗುಟ್ಟನ್ನೂ ಬಿಟ್ಟುಕೊಡಲೊಲ್ಲದೆ 1977ರಲ್ಲಿ ಗಂಟುಮೂಟೆ ಕಟ್ಟಿತು. ತೆರವಾದ ಜಾಗಕ್ಕೆ ಪಾರ್ಲೆಯ ಥಮ್ಸ್ ಅಪ್ ಬಂದಿತು. 1993ರಲ್ಲಿ ಮರಳಿದ ಕೋಕಾ-ಕೋಲಾ ಅದನ್ನು ಕೊಂಡುಕೊಂಡು, ತನ್ನ ಮೂಲ ಪಾನೀಯವನ್ನೇ ಮುಂದೆ ಮಾಡಿತು. ಜನ ಮಾತ್ರ ತಮಗೆ ಒಗ್ಗಿದ ರುಚಿಯನ್ನು ಬಿಡಲಿಲ್ಲ. ಕಡೆಗೆ ಕಂಪನಿಯೇ ಮಣಿಯಿತು. 2021ರಲ್ಲಿ ಥಮ್ಸ್ ಅಪ್‌ನ ವಹಿವಾಟು ನೂರು ಕೋಟಿ ಡಾಲರ್ ಮುಟ್ಟಿತು. ನಾಲಗೆಗೂ ಒಂದು ಭೂಗೋಳವಿದೆ!

ನಾಲಗೆಗಿಂತ ದೊಡ್ಡದು ನೀರು. ಕೇರಳದ ಪಾಲಕ್ಕಾಡ್ ಜಿಲ್ಲೆಯ, ಮಳೆ ಕಡಿಮೆಯಿರುವ ಸೀಮೆಯ ಪ್ಲಾಚಿಮಡದಲ್ಲಿ 2000ದಲ್ಲಿ ಇದೇ ಕಂಪನಿಯ ಕಾರ್ಖಾನೆ ಆರಂಭವಾಯಿತು. ತಮ್ಮ ಬಾವಿಗಳು ಬತ್ತಿದವು, ಉಳಿದ ನೀರೂ ಕೆಟ್ಟಿತು ಎಂದು ಸುತ್ತಲಿನ ಆದಿವಾಸಿಗಳು 2002ರಲ್ಲಿ ಧರಣಿ ಕುಳಿತರು; ಮಯಿಲಮ್ಮನೆಂಬ ಹೆಣ್ಣುಮಗಳು ಮುಂದೆ ನಿಂತರು. ಕಂಪನಿ ಆರೋಪವನ್ನು ಅಲ್ಲಗಳೆಯಿತು. 2003ರಲ್ಲಿ ಪೆರುಮಾಟ್ಟಿ ಗ್ರಾಮ ಪಂಚಾಯಿತಿ ಪರವಾನಗಿಯ ನವೀಕರಣಕ್ಕೆ ಒಪ್ಪಲಿಲ್ಲ. 2004ರಲ್ಲಿ ಉತ್ಪಾದನೆ ನಿಂತಿತು. ಮರುವರ್ಷ ಹೈಕೋರ್ಟಿನಲ್ಲಿ ಕಂಪನಿ ಗೆದ್ದಿತಾದರೂ ಕಾರ್ಖಾನೆ ಚೇತರಿಸಿಕೊಳ್ಳಲಿಲ್ಲ. ಅಲ್ಲಿ ಮತ್ತೆ ಉತ್ಪಾದನೆ ನಡೆಸುವ ಇರಾದೆ ತನಗಿಲ್ಲವೆಂದು 2017ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು.

ಇಂಥ ಕಂಪನಿಗಳೇ ಬೇಡವೆನ್ನುವವನು ನಾನಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಯ ಅನ್ನ ಅವುಗಳಿಂದಲೇ ಬಂದಿದೆ. ನನ್ನ ಜಗಳವಿರುವುದು ಭೂಪಟವನ್ನು ಬರಿಯ ಸಂತೆಯ ಬಯಲೆಂದು ತಿಳಿಯುವ ಬುದ್ಧಿಯೊಂದಿಗೆ. ಕಂಪನಿಗಳ ಮೇಧಾವಿಗಳು ಎದುರಾಳಿಯ ಬೆಲೆಯನ್ನು ನಿತ್ಯ ಲೆಕ್ಕ ಹಾಕುತ್ತಾರೆ. ತಮ್ಮ ಕಾಲಡಿಯ ನೆಲವನ್ನು ಮಾತ್ರ ಓದುವುದಿಲ್ಲ. ಅವರನ್ನು ಕೆಡಹುವುದು ಆ ನೆಲವೇ.

ಹೊರಡುವಾಗ ಅವನು ಎಂದಿನಂತೆ ಕಾಲಿಗೆರಗಿದ. "ಜಾಗ ನೋಡಲು ಹೋದಾಗ ಮೊದಲು ಆ ಊರಿನ ಬಾವಿಯೊಳಗೆ ಇಣುಕಿ ನೋಡಪ್ಪ" ಎಂದೆ. ನಗಲಿಲ್ಲ, "ಆಗಲಿ ಮೇಷ್ಟ್ರೇ" ಎಂದ.