ಕಂಡಕ್ಟರನ ಸೀಟಿ, ಉಪಚಾಲಕನ ಮಾತು

2025ರ ಜುಲೈ ತಿಂಗಳ ಒಂದು ಮುಂಜಾನೆ. ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸು ಜಡಿಮಳೆಯಲ್ಲಿ ನಿಧಾನವಾಗಿ ಸಾಗಿತ್ತು. ಜೂನ್ 12ರಂದು ಅಹಮದಾಬಾದಿನಲ್ಲಿ ನೆಲಬಿಟ್ಟ ಮರುನಿಮಿಷವೇ ಉರುಳಿ 260 ಜನರನ್ನು ಬಲಿ ತೆಗೆದುಕೊಂಡ ವಿಮಾನದ ಪ್ರಾಥಮಿಕ ವರದಿ ಆಗತಾನೇ ಹೊರಬಿದ್ದಿತ್ತು. ಪಕ್ಕದಲ್ಲಿದ್ದ ಹಿರಿಯರು ಪತ್ರಿಕೆಯನ್ನು ಮಡಚುತ್ತ, “ಪೈಲಟಂದs ತಪ್ಪರಿ ಸರ, ಮತ್ತೇನ ನೋಡೂದೈತಿ?” ಎಂದು ತೀರ್ಪು ಕೊಟ್ಟರು. ವರದಿಯೇ ಕೊಡದಿದ್ದ ತೀರ್ಪು ಅದು. ಆದರೆ ಅವರನ್ನು ದೂರುವಂತಿಲ್ಲ. ತಪ್ಪಿತಸ್ಥನೊಬ್ಬ ಸಿಕ್ಕರೆ ನಮ್ಮ ದುಃಖಕ್ಕೆ ಒಂದು ಒರಗು ಸಿಕ್ಕಂತಾಗುತ್ತದೆ.

ಶಿಕಾಗೋ ಒಪ್ಪಂದದ 13ನೆಯ ಅನುಬಂಧವು ವಿಮಾನಾಪಘಾತದ ತನಿಖೆಗೆ ಒಂದೇ ಉದ್ದೇಶವನ್ನು ವಿಧಿಸಿದೆ: ಅಂಥದು ಮತ್ತೆ ಆಗದಂತೆ ತಡೆಯುವುದು. ದೂಷಣೆಯನ್ನು ಹಂಚುವುದು ಅದರ ಕೆಲಸವಲ್ಲ. ಈ ಮಾತಿನ ಅರ್ಥ ಎಷ್ಟು ಆಳವಾದುದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಅಹಮದಾಬಾದಿನದು ಏರುವಾಗಿನ ದುರಂತ. ಇಳಿಯುವಾಗಿನ ಎರಡು ದೊಡ್ಡ ದುರಂತಗಳನ್ನು ನಮ್ಮ ನಾಡೇ ಕಂಡಿದೆ.

ಮೊದಲನೆಯದು 1990ರ ಫೆಬ್ರವರಿ 14ರಂದು ನಡೆಯಿತು. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-320 ವಿಮಾನವು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣವನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಹಗಲು ತಿಳಿಯಾಗಿತ್ತು, ಯಂತ್ರ ಹೊಸದು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣಾ ನ್ಯಾಯಾಲಯವು ಕಂಡುಕೊಂಡ ಸಂಗತಿ ಇದು: ಎಂಜಿನ್ನುಗಳನ್ನು ನಿಶ್ಶಕ್ತವಾಗಿಟ್ಟು ಇಳಿಯುವ ಕ್ರಮದಲ್ಲಿ ವಿಮಾನವಿತ್ತು, ವೇಗ ಕುಸಿಯುತ್ತಿತ್ತು, ಚಾಲಕರಿಬ್ಬರೂ ಅದನ್ನು ಗಮನಿಸಲಿಲ್ಲ. ಎಚ್ಚೆತ್ತು ಶಕ್ತಿ ಕೊಟ್ಟಾಗ, ಎಂಜಿನ್ನು ಚೇತರಿಸಿಕೊಳ್ಳುವಷ್ಟು ಕ್ಷಣಗಳೂ ಉಳಿದಿರಲಿಲ್ಲ.

ಇಲ್ಲಿಗೆ ನಿಂತಿದ್ದರೆ ನಮ್ಮ ಬಸ್ಸಿನ ಹಿರಿಯರ ತೀರ್ಪೇ ಸಾಕಾಗುತ್ತಿತ್ತು. ಆ ಕ್ರಮಕ್ಕೆ ವಿಮಾನ ಬಂದುದಾದರೂ ಹೇಗೆ? ನಿಮಿಷಕ್ಕೆ 700 ಅಡಿಯಂತೆ ಇಳಿಯಬೇಕೆಂದು ತಿರುಗಿಸಬೇಕಾಗಿದ್ದ ಗುಬುಟಿನ ಬದಲು, ಅದರ ನೆರೆಯಲ್ಲಿದ್ದ ಎತ್ತರದ ಗುಬುಟನ್ನು 700ಕ್ಕೆ ತಿರುಗಿಸಿರಬಹುದು ಎಂಬ ಊಹೆಯನ್ನು ವಿಚಾರಣೆಯು ಮುಂದಿಟ್ಟಿತು. ಬೆಂಗಳೂರೋ ಸಮುದ್ರಮಟ್ಟದಿಂದ ಸುಮಾರು 2900 ಅಡಿ ಮೇಲಿದೆ. 700 ಅಡಿಯೆಂದರೆ ನೆಲದೊಳಗಿನ ಎತ್ತರ! ಒಂದೇ ಅಂಕಿ, ಒಂದು ಗುಬುಟಿನಲ್ಲಿ ಅದು ವೇಗ, ಇನ್ನೊಂದರಲ್ಲಿ ಎತ್ತರ. ಓಲೆಗರಿಗಳ ಪಾಠವನ್ನು ಪರಿಷ್ಕರಿಸುವವರಿಗೆ ಇದು ಅಪರಿಚಿತವಲ್ಲ. ಲಿಪಿಕಾರನು ‘ಪ’ಕಾರದೆಡೆಯಲ್ಲಿ ‘ಷ’ಕಾರವನ್ನು ಬರೆದಾಗ ಬಲ್ಲ ಸಂಪಾದಕನು ಅವನನ್ನು ಮೂರ್ಖನೆನ್ನುವುದಿಲ್ಲ, ಎರಡಕ್ಷರಗಳ ರೂಪಸಾಮ್ಯವನ್ನು ನೋಡುತ್ತಾನೆ. ಏಕೆಂದರೆ ಇನ್ನೊಬ್ಬ ಲಿಪಿಕಾರನೂ ಅಲ್ಲಿಯೇ ಎಡವುತ್ತಾನೆ. ‘ಚಾಲಕನ ತಪ್ಪು’ ಎಂಬಲ್ಲಿ ತನಿಖೆ ಮುಗಿಯಬಾರದು, ಅಲ್ಲಿಂದ ಆರಂಭವಾಗಬೇಕು.

ಎರಡನೆಯದು ಮಂಗಳೂರಿನದು. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಬೋಯಿಂಗ್ ವಿಮಾನವು ಬಜಪೆಯ ಗುಡ್ಡದ ನೆತ್ತಿಯ ಓಡುದಾರಿಯನ್ನು ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ಹೋದರು, ಎಂಟು ಜನ ಉಳಿದರು. ಏರ್ ಮಾರ್ಷಲ್ ಭೂಷಣ್ ಗೋಖಲೆಯವರ ನೇತೃತ್ವದ ವಿಚಾರಣೆಯು ಕಾರಣಗಳನ್ನು ಎಳೆ ಎಳೆಯಾಗಿ ಬಿಡಿಸಿತು. ಮುಖ್ಯ ಚಾಲಕನು ಒಂದೂವರೆ ಗಂಟೆಗೂ ಮೀರಿ ನಿದ್ರಿಸಿದ್ದನು. ಗೊರಕೆ ಧ್ವನಿಮುದ್ರಿಕೆಯಲ್ಲಿ ದಾಖಲಾಗಿತ್ತು. ಎದ್ದ ಮೇಲೂ ನಿದ್ದೆಯ ಮಂಪರು ಬುದ್ಧಿಯನ್ನು ಬಿಟ್ಟಿರಲಿಲ್ಲ. ನಿಲ್ದಾಣದ ರಾಡಾರ್ ಕೆಟ್ಟಿದ್ದುದರಿಂದ ಇಳಿಯಲು ಅಪ್ಪಣೆ ದೊರೆತದ್ದು ತಡವಾಗಿ. ಹೀಗಾಗಿ ವಿಮಾನ ಇರಬೇಕಾದುದಕ್ಕಿಂತ ಬಹಳ ಮೇಲಿತ್ತು. ಸುಮಾರು 8000 ಅಡಿಯ ಓಡುದಾರಿಯಲ್ಲಿ 5200 ಅಡಿಯಷ್ಟು ಕಳೆದ ಮೇಲೆ ಚಕ್ರ ನೆಲ ಮುಟ್ಟಿತು.

ಇದೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ಇನ್ನೊಂದು ಮಾತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಉಪಚಾಲಕನು ಮೂರು ಸಲ ಹೇಳಿದ್ದನು. ಆದರೆ ಚಾಲನೆಯನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಳ್ಳುವ ಅಧಿಕಾರದ ಬಗ್ಗೆ ನಿಯಮಗಳಲ್ಲೇ ಅಸ್ಪಷ್ಟತೆಯಿದ್ದುದು ಕಾರಣವಾಗಿರಬಹುದೆಂದು ವರದಿ ಹೇಳಿತು. ನಿಜವನ್ನು ಕಂಡವನಿದ್ದನು, ನುಡಿದವನೂ ಇದ್ದನು. ನುಡಿದುದು ನಡೆಯುವಂತೆ ಮಾಡುವ ಬಲ ಮಾತ್ರ ಅವನಿಗಿರಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದೆಂದು ಮಕ್ಕಳಿಗೆ ಕಲಿಸುವ ನಮಗೆ ಇದು ವಿಮಾನದ ಮಾತು ಮಾತ್ರವಲ್ಲ. ಕರಿಹಲಗೆಯ ಮೇಲೆ ನಾನು ತಪ್ಪಾಗಿ ಬರೆದ ಇಸವಿಯನ್ನು ಕಂಡೂ ಸುಮ್ಮನೆ ಬರೆದುಕೊಂಡ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಅದನ್ನು ಗೌರವವೆಂದು ತಿಳಿದು ಸಂತೋಷಪಟ್ಟದ್ದೂ ಉಂಟು.

ಈ ಪಾಠವನ್ನು ನಾವು ಕಲಿತೆವೇ? 2020ರ ಆಗಸ್ಟ್ 7ರಂದು ಅದೇ ದುಬೈಯಿಂದ, ಅದೇ ಸಂಸ್ಥೆಯ ವಿಮಾನವೊಂದು ಮಳೆಯ ಇರುಳಿನಲ್ಲಿ ಕೇರಳದ ಕೋಳಿಕ್ಕೋಡಿಗೆ ಬಂತು. ಅದೂ ಗುಡ್ಡದ ಮೇಲಣ ನಿಲ್ದಾಣ. ನೆಲ ಮುಟ್ಟಬೇಕಾದ ಜಾಗವನ್ನು ಬಹಳ ಮೀರಿ ಇಳಿದು, ಓಡುದಾರಿ ದಾಟಿ ಕೆಳಗುರುಳಿತು. 21 ಮಂದಿ ಅಳಿದರು. ಅಲ್ಲಿಯೂ ಮೇಲೇರೆಂಬ ಉಪಚಾಲಕನ ಕೂಗು ವ್ಯರ್ಥವಾಯಿತೆಂದು ತನಿಖೆ ತಿಳಿಸಿತು. ಹತ್ತು ವರ್ಷಗಳ ಅಂತರದಲ್ಲಿ ಎರಡು ವರದಿಗಳು ಒಂದೇ ವಾಕ್ಯವನ್ನು ಬರೆಯಬೇಕಾಗಿ ಬಂದರೆ, ಮೊದಲ ವರದಿಯನ್ನು ನಾವು ಓದಿದೆವು, ಮನಸ್ಸಿಗೆ ತಂದುಕೊಳ್ಳಲಿಲ್ಲ ಎಂದೇ ಹೇಳಬೇಕು. ಸತ್ತವರಿಗೆ ನಾವು ಸಲ್ಲಿಸಬೇಕಾದ ಋಣ ಅಳುವಿನಿಂದ ತೀರುವುದಿಲ್ಲ. ಅವರ ಸಾವು ಕಲಿಸಿದ್ದನ್ನು ಆಚರಣೆಗೆ ತಂದರೆ ಅಷ್ಟಿಷ್ಟು ತೀರೀತು.

ಅಂದು ನಮ್ಮ ಬಸ್ಸು ಬೆಳಗಾವಿಯನ್ನು ಸಮೀಪಿಸುತ್ತಿದ್ದಾಗ ಮುದುಕಿಯೊಬ್ಬಳು ಇಳಿಯಲೆಂದು ಎದ್ದು, ಇನ್ನೂ ಪಾವಟಿಗೆಯ ಮೇಲಿದ್ದಳು. ಬಸ್ಸು ಕದಲಿತು. ಕಂಡಕ್ಟರನು ಸೀಟಿ ಊದಿದನು. ಅವನಿನ್ನೂ ಮೀಸೆ ಚಿಗುರಿದ ಹುಡುಗ. ಡ್ರೈವರನು ತಲೆ ನರೆತ ಅನುಭವಿ. ಆದರೂ ಬಸ್ಸು ತಟಕ್ಕನೆ ನಿಂತಿತು. ಏಕೆ ಊದಿದೆ ಎಂದು ಅವನು ಕೇಳಲಿಲ್ಲ, ಮುಖವನ್ನೂ ಗಂಟಿಕ್ಕಲಿಲ್ಲ. ಸೀಟಿ ಕೇಳಿದರೆ ನಿಲ್ಲಬೇಕು, ಅಷ್ಟೆ. ಊದಿದವನ ವಯಸ್ಸನ್ನು ಅಲ್ಲಿ ಯಾರೂ ಎಣಿಸುವುದಿಲ್ಲ.

ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗ ಸಾಂಬ್ರಾ ನಿಲ್ದಾಣದ ಕಡೆಗೆ ಇಳಿಯುವ ವಿಮಾನದ ಸದ್ದು ಒಮ್ಮೊಮ್ಮೆ ಮೋಡದೊಳಗಿಂದ ಕೇಳಿಬರುತ್ತದೆ. ಈಚೆಗೆ ಆ ಸದ್ದು ಕೇಳಿದಾಗಲೆಲ್ಲ ಮಾತು ನಿಲ್ಲಿಸಿ, ನಾನು ಬರೆದುದರಲ್ಲಿ ತಪ್ಪೇನಾದರೂ ಇದೆಯೇ ಎಂದು ಮಕ್ಕಳನ್ನು ಕೇಳುತ್ತೇನೆ. ಮೊದಮೊದಲು ಯಾರೂ ಬಾಯಿ ಬಿಡುತ್ತಿರಲಿಲ್ಲ. ಈಗ ಹಿಂದಿನ ಬೆಂಚಿನಿಂದ ಒಂದೆರಡು ಕೈಗಳು ಏಳುತ್ತಿವೆ.