ಬೀಗದ ಕೈ ಯಾರಲ್ಲಿ?

ಹಿಂದಿನ ಚೀನ ಜಪಾನುಗಳ ಅರಸರು ಪರದೇಶೀಯರಿಗೆ ಬಾಗಿಲಿಕ್ಕಿದ ಕೂಪಮಂಡೂಕಗಳೆಂದು ಹೇಳುವವರುಂಟು. ವಿಚಾರಿಸಿ ನೋಡಿದರೆ ಅವರು ಬಾಗಿಲನ್ನು ಪೂರ್ತಿಯಾಗಿ ಮುಚ್ಚಲಿಲ್ಲ. ಬೀಗದ ಕೈಯನ್ನು ತಮ್ಮಲ್ಲಿಯೇ ಇರಿಸಿಕೊಂಡರು.

1543ರಲ್ಲಿ ಪೋರ್ಚುಗೀಸರೊಡನೆ ಜಪಾನಿಗೆ ಕೋವಿಯು ಬಂದಿತು; 1549ರಲ್ಲಿ ಪಾದ್ರಿಗಳೂ ಬಂದರು. ದೀರ್ಘಕಾಲದ ಅಂತಃಕಲಹದ ತರುವಾಯ 1603ರಲ್ಲಿ ಅಧಿಕಾರವೇರಿದ ತೊಕುಗಾವ ವಂಶದ ಪ್ರಭುಗಳಿಗೆ ಎರಡು ಭಯಗಳಿದ್ದುವು. ಪರದೇಶದ ವ್ಯಾಪಾರದಿಂದ ಹಣವನ್ನೂ ಆಯುಧವನ್ನೂ ಕೂಡಿಸಿ ಸಾಮಂತರು ತಿರುಗಿಬಿದ್ದಾರೆಂಬುದೊಂದು. ಹೊಸ ಮತವನ್ನವಲಂಬಿಸಿದ ಪ್ರಜೆಗಳು ದೂರದ ಗುರುವಿಗೇ ವಿಧೇಯರಾದಾರೆಂಬುದಿನ್ನೊಂದು. ತೆರಿಗೆಯ ಭಾರಕ್ಕೂ ಮತಹಿಂಸೆಗೂ ಬೇಸತ್ತು 1637ರಲ್ಲಿ ಶಿಮಬಾರದ ಜನರು ದಂಗೆಯೆದ್ದುದು ಈ ಭಯವನ್ನು ಬಲಪಡಿಸಿತು. 1639ರಲ್ಲಿ ಪೋರ್ಚುಗೀಸರನ್ನು ಹೊರಡಿಸಿದರು. ವ್ಯಾಪಾರವೊಂದನ್ನೇ ಬಯಸಿದ ಡಚ್ಚರಿಗೆ 1641ರಿಂದ ನಾಗಸಾಕಿಯ ದೆಜಿಮವೆಂಬ ಪುಟ್ಟ ದ್ವೀಪವೇ ನೆಲೆಯಾಯಿತು. ಚೀನೀ ವರ್ತಕರೂ ಆ ಊರಿಗೆ ಬರುತ್ತಲೇ ಇದ್ದರು.

ಚೀನದ ಚಿಯೆನ್‌ಲುಂಗ್ ಚಕ್ರವರ್ತಿಯೂ ಇದೇ ನೀತಿಯನ್ನು ಹಿಡಿದನು. ಉತ್ತರದ ರೇವುಗಳಿಗೆ ಬರಬಯಸಿದ ಐರೋಪ್ಯ ಹಡಗುಗಳನ್ನು 1757ರಲ್ಲಿ ಕ್ಯಾಂಟನ್ನಿನಲ್ಲಿಯೇ ತಡೆದನು. ಅಲ್ಲಿಯೂ ಸರಕಾರದ ಅಪ್ಪಣೆ ಪಡೆದ ವರ್ತಕರ ಮೂಲಕವೇ ವ್ಯಾಪಾರ. ಸುಂಕವೂ ಬರಬೇಕು, ಬಂದವರ ಮೇಲೆ ಕಣ್ಣೂ ಇರಬೇಕು!

ಆದರೆ ಈ ಕಾವಲಿನ ಬೆಲೆಯನ್ನು ಪ್ರಜೆಗಳೂ ತೆರಬೇಕಾಯಿತು. 1635ರ ಆಜ್ಞೆಯಂತೆ ಕದ್ದು ದೇಶ ಬಿಡುವ ಜಪಾನೀಯನಿಗೂ, ಪರದೇಶದಲ್ಲಿ ನೆಲಸಿ ಮರಳಿದವನಿಗೂ ಮರಣದಂಡನೆಯೇ ವಿಧಿ. ವಾಚಕರೆ, ಮನೆಗೆ ಬೀಗ ಹಾಕಿದುದನ್ನು ಗೃಹಸ್ಥರಾದ ನಾವು ತಪ್ಪೆನ್ನಲಾರೆವು. ಮನೆಯವರನ್ನೇ ಒಳಗಿಟ್ಟು ಬೀಗ ಹಾಕಿದುದನ್ನು ಸರಿಯೆನ್ನಲೂ ಆರೆವು.